ಟೆಂಪರೇಚರ್ ಟ್ರಾನ್ಸ್‌ಮಿಟರ್‌ಗೆ ಸೆನ್ಸರ್ ಇನ್‌ಪುಟ್ ಸೆಟ್ ಮಾಡುವುದು ಹೇಗೆ: ಮಿಲ್ಲಿನ ಎಲೆಕ್ಟ್ರಿಷಿಯನ್‌ಗಳಿಗೆ ಒಂದು ಮಾರ್ಗದರ್ಶಿ

ಭದ್ರಾ ಅಚ್ಚುಕಟ್ಟಿನ ಭತ್ತ ಕೊಯ್ಲಾಗಿ ದಾವಣಗೆರೆ ಸುತ್ತಿನ ಮಿಲ್ಲುಗಳಿಗೆ ಬರುವ ಹೊತ್ತಿಗೆ ಡ್ರೈಯರ್‌ಗಳಿಗೆ ಬಿಡುವಿರುವುದಿಲ್ಲ. ಆಗ ಬಿಸಿಗಾಳಿ ಐದಾರು ಡಿಗ್ರಿ ಹೆಚ್ಚಾದರೆ ಕಾಳು ಒಳಗೊಳಗೇ ಬಿರಿಯುತ್ತದೆ, ಪಾಲಿಶ್‌ಗೆ ಹೋದಾಗ ನುಚ್ಚು ಜಾಸ್ತಿ ಬೀಳುತ್ತದೆ. ಅಷ್ಟೇ ಕಡಿಮೆಯಾದರೆ ಭತ್ತ ಒಣಗಲು ಹೊತ್ತು ಹಿಡಿಯುತ್ತದೆ, ಬಾಯ್ಲರ್‌ಗೆ ಹಾಕಿದ ಹೊಟ್ಟು ದಂಡ. ಈ ಐದಾರು ಡಿಗ್ರಿಯ ತಪ್ಪು ಎಷ್ಟೋ ಸಲ ಬ್ಲೋಯರ್‌ನಲ್ಲೂ ಇರುವುದಿಲ್ಲ, ಸ್ಟೀಮ್ ವಾಲ್ವ್‌ನಲ್ಲೂ ಇರುವುದಿಲ್ಲ. ಸೆನ್ಸರ್ ಅಳೆದ ಬಿಸಿಯನ್ನು 4ರಿಂದ 20 ಮಿಲಿಆಂಪ್ ಸಿಗ್ನಲ್ ಮಾಡಿ ಕಳಿಸುವ ಟ್ರಾನ್ಸ್‌ಮಿಟರನ್ನು ಹಾಕುವ ದಿನ ಯಾರೋ ಅವಸರದಲ್ಲಿ ಒತ್ತಿದ ಒಂದು ಸೆಟ್ಟಿಂಗ್‌ನಲ್ಲಿರುತ್ತದೆ.

ವೈರ್ ಕಡಿದರೆ ಅಲಾರಂ ಬರುತ್ತದೆ, ಎಲ್ಲರಿಗೂ ಗೊತ್ತಾಗುತ್ತದೆ. ಆದರೆ ಸೆನ್ಸರ್ ಟೈಪ್ ತಪ್ಪಾಗಿ ಕೊಟ್ಟರೆ, ಮೂರು ವೈರಿನ ಸೆನ್ಸರನ್ನು ಎರಡು ವೈರಿನದು ಎಂದು ಹೇಳಿದರೆ, ಅಲಾರಂ ಬರುವುದಿಲ್ಲ. ನಂಬುವಂಥ ಒಂದು ಸಂಖ್ಯೆ ಡಿಸ್‌ಪ್ಲೇಯಲ್ಲಿ ತಣ್ಣಗೆ ಕೂತಿರುತ್ತದೆ, ಆಪರೇಟರ್ ಅದನ್ನೇ ನಂಬಿ ಸೀಸನ್ ಪೂರ್ತಿ ಓಡಿಸುತ್ತಾನೆ. ಅದಕ್ಕೇ ನಾನು ಹೇಳುವ ಕ್ರಮ ಇದು: ಮೊದಲು ಮೀಟರ್ ಹಿಡಿದು ಸೆನ್ಸರ್ ಯಾವುದೆಂದು ಖಾತ್ರಿ ಮಾಡಿಕೊಳ್ಳಿ, ಆಮೇಲೆ ಅದನ್ನು ಟ್ರಾನ್ಸ್‌ಮಿಟರ್‌ಗೆ ತಿಳಿಸಿ, ಕೊನೆಗೆ ಬಿಸಿ ಇರುವಾಗ ಪರೀಕ್ಷೆ ಮಾಡಿ. ಮೆನು ತೆರೆಯುವುದು ಎರಡನೆಯ ಕೆಲಸ, ಮೊದಲನೆಯದಲ್ಲ.

ಕೈ ಹಾಕುವ ಮುಂಚೆ

ಕೆಲಸ ಮಾಡಲಿರುವ ಲೂಪನ್ನು (ಸೆನ್ಸರ್, ಟ್ರಾನ್ಸ್‌ಮಿಟರ್, ಕಂಟ್ರೋಲರ್, ವಾಲ್ವ್ ಸೇರಿದ ಸರಪಳಿಯನ್ನು) ಮ್ಯಾನುಯಲ್‌ಗೆ ಹಾಕಿಸಿ. ಟ್ರಾನ್ಸ್‌ಮಿಟರ್‌ಗೆ ಹೊಸ ಸೆಟ್ಟಿಂಗ್ ಬರೆಯುವಾಗ ಔಟ್‌ಪುಟ್ ಜಿಗಿಯಬಹುದು. ಕಂಟ್ರೋಲರ್ ಆಟೋದಲ್ಲಿದ್ದರೆ ಸ್ಟೀಮ್ ವಾಲ್ವ್ ತಾನೇ ತೆರೆದುಕೊಳ್ಳುತ್ತದೆ. ಟ್ರಿಪ್‌ಗೆ (ಬಿಸಿ ಮಿತಿ ಮೀರಿದಾಗ ಯಂತ್ರವನ್ನು ತಾನೇ ನಿಲ್ಲಿಸುವ ವ್ಯವಸ್ಥೆಗೆ) ಸೇರಿದ ಪಾಯಿಂಟ್ ಆದರೆ ಬಾಯ್ಲರ್ ಆಪರೇಟರ್‌ಗೂ ಶಿಫ್ಟ್ ಇನ್‌ಚಾರ್ಜ್‌ಗೂ ಹೇಳಿ, ಒಪ್ಪಿಗೆ ತೆಗೆದುಕೊಂಡೇ ಬೈಪಾಸ್ ಮಾಡಿ.

ಚಳ್ಳಕೆರೆ ಕಡೆ ಎಣ್ಣೆ ಉದ್ಯಮದಲ್ಲಿರುವವರಿಗೆ ಇನ್ನೊಂದು ಮಾತು. ಸಾಲ್ವೆಂಟ್ ಎಕ್ಸ್‌ಟ್ರಾಕ್ಷನ್ ಇರುವ ಕಡೆ ಬೆಂಕಿ ಹತ್ತುವ ಹೆಕ್ಸೇನ್ ಆವಿ ಇರುತ್ತದೆ. ಅಲ್ಲಿ ಪವರ್ ಇರುವಾಗ ಹೆಡ್‌ನ (ಸೆನ್ಸರ್ ಮೇಲ್ತುದಿಯ ಟರ್ಮಿನಲ್ ಡಬ್ಬಿಯ) ಮುಚ್ಚಳ ತೆರೆಯಲೇಬೇಡಿ, ಮಾಮೂಲಿ ಮಲ್ಟಿಮೀಟರ್, ಲ್ಯಾಪ್‌ಟಾಪ್ ಒಯ್ಯಬೇಡಿ. ಟ್ರಾನ್ಸ್‌ಮಿಟರ್ ಬಿಚ್ಚಿ ತಂದು ವರ್ಕ್‌ಶಾಪ್ ಮೇಜಿನ ಮೇಲೆ ಸೆಟ್ ಮಾಡಿ.

ಒಳಗಿರುವುದು ಯಾವ ಸೆನ್ಸರ್?

ಟ್ಯಾಗ್ ಪ್ಲೇಟ್ ನಂಬಬೇಡಿ. ಸೆನ್ಸರ್ ಬದಲಾಗಿರುತ್ತದೆ, ಪ್ಲೇಟ್ ಹಳೆಯದೇ ಇರುತ್ತದೆ. ಸೆನ್ಸರ್ ವೈರ್‌ಗಳನ್ನು ಟರ್ಮಿನಲ್‌ನಿಂದ ಬಿಡಿಸಿ ಮಲ್ಟಿಮೀಟರ್ ಹಿಡಿಯಿರಿ.

ಪಿಟಿ 100 ಎಂದರೆ ಸೊನ್ನೆ ಡಿಗ್ರಿಯಲ್ಲಿ 100 ಓಮ್, ನೂರು ಡಿಗ್ರಿಯಲ್ಲಿ 138.51 ಓಮ್ ಇರುವ ಪ್ಲಾಟಿನಂ ಸೆನ್ಸರ್. ಒಂದು ಡಿಗ್ರಿಗೆ ಹೆಚ್ಚುಕಡಿಮೆ 0.385 ಓಮ್. ಹಾಗಾಗಿ 30 ಡಿಗ್ರಿ ಇರುವ ದಿನ ಕೆಂಪು ಮತ್ತು ಬಿಳಿ ವೈರ್ ನಡುವೆ 111.7 ಓಮ್ ಆಸುಪಾಸು ಬರಬೇಕು, ಬೇಸಿಗೆಯ 40 ಡಿಗ್ರಿಯಲ್ಲಿ 115.5. ಕೇಬಲ್‌ನದ್ದು ಮೇಲೆ ಸ್ವಲ್ಪ ಸೇರುತ್ತದೆ. 1,117 ಓಮ್ ಬಂದರೆ ಅದು ಪಿಟಿ 1000. ಕೆಲವೇ ಓಮ್ ಬಂದರೆ ಬಹುತೇಕ ಥರ್ಮೋಕಪಲ್, ಅಂದರೆ ಎರಡು ಬೇರೆ ಲೋಹದ ತಂತಿ ಸೇರಿಸಿದ, ಬಿಸಿಗೆ ತಕ್ಕಂತೆ ಮಿಲಿವೋಲ್ಟ್ ಕೊಡುವ ಸೆನ್ಸರ್.

ಮೂರು ವೈರಿನ ಆರ್‌ಟಿಡಿಯಲ್ಲಿ (ಪಿಟಿ 100ರಂಥ ರೆಸಿಸ್ಟೆನ್ಸ್ ಸೆನ್ಸರ್‌ನಲ್ಲಿ) ಎರಡು ಕೆಂಪು, ಒಂದು ಬಿಳಿ. ಎರಡು ಕೆಂಪಿನ ನಡುವೆ ಅಳೆದರೆ ಬರೀ ವೈರಿನ ರೆಸಿಸ್ಟೆನ್ಸ್ ಸಿಗುತ್ತದೆ. ಪ್ರತಿ ಕೆಂಪಿನಿಂದ ಬಿಳಿಗೆ ಅಳೆದಾಗ ಎರಡೂ ಸಲ ಒಂದೇ ಸಂಖ್ಯೆ ಬರಬೇಕು. ನಾಲ್ಕು ವೈರಿನದಾದರೆ ಎರಡು ಕೆಂಪು, ಎರಡು ಬಿಳಿ.

ಇದೇ ಹೊತ್ತಿನಲ್ಲಿ ಇನ್ಸುಲೇಶನ್ ಕೂಡ ನೋಡಿಬಿಡಿ. ಟ್ರಾನ್ಸ್‌ಮಿಟರ್ ಬಿಡಿಸಿಯೇ ಇರುವುದರಿಂದ, ಸೆನ್ಸರ್ ವೈರಿಗೂ ಹೊರಗಿನ ಸ್ಟೀಲ್ ಕವಚಕ್ಕೂ ನಡುವೆ 100 ವೋಲ್ಟ್ ಒಳಗಿನ ಇನ್ಸುಲೇಶನ್ ಟೆಸ್ಟರ್‌ನಿಂದ ಅಳೆಯಿರಿ. ಭತ್ತ ಬೇಯಿಸುವ ಕಡೆ ಹಬೆ, ಮಿಲ್ಲಿನ ತುಂಬ ಹೊಟ್ಟಿನ ಧೂಳು. ಎರಡೂ ಸೇರಿ ಹೆಡ್‌ನೊಳಗೆ ಪಸೆ ಕಟ್ಟುತ್ತವೆ. ಆ ಪಸೆಯಿಂದ ಸೆನ್ಸರ್‌ನ ಎರಡು ತುದಿಗಳ ನಡುವೆ 10 ಕಿಲೋ ಓಮ್ ಲೀಕೇಜ್ ಆದರೂ ಸಾಕು, ಪಿಟಿ 100 ಮೂರು ಡಿಗ್ರಿಯಷ್ಟು ಕಡಿಮೆ ತೋರಿಸುತ್ತದೆ. ಯಾವ ಸೆಟ್ಟಿಂಗ್‌ನಿಂದಲೂ ಅದು ಸರಿಹೋಗುವುದಿಲ್ಲ. ಒಣಗಿಸಬೇಕು, ಗ್ಲ್ಯಾಂಡ್ ಬಿಗಿ ಮಾಡಬೇಕು, ಆಗದಿದ್ದರೆ ಸೆನ್ಸರ್ ಬದಲಿಸಬೇಕು.

ಥರ್ಮೋಕಪಲ್ ಆದರೆ ಬಣ್ಣದ ವಿಷಯದಲ್ಲಿ ಎಚ್ಚರ

ನಮ್ಮಲ್ಲಿ ವೈರಿಂಗ್ ಕಲಿತ ಯಾರ ಕೈಗಾದರೂ ಕೆಂಪು ಎಂದರೆ ಪ್ಲಸ್. ಆದರೆ ಅಮೆರಿಕದ ಕಲರ್ ಕೋಡ್‌ನ ಥರ್ಮೋಕಪಲ್‌ನಲ್ಲಿ ಕೆಂಪು ಯಾವಾಗಲೂ ಮೈನಸ್. ಕೆ, ಜೆ ಎಂಬವು ಲೋಹದ ಜೋಡಿಗಳ ಹೆಸರು. ಕೆ ಟೈಪ್‌ಗೆ ಹಳದಿ ಪ್ಲಸ್, ಕೆಂಪು ಮೈನಸ್. ಜೆ ಟೈಪ್‌ಗೆ ಬಿಳಿ ಪ್ಲಸ್, ಕೆಂಪು ಮೈನಸ್. ಅಂತರರಾಷ್ಟ್ರೀಯ ಐಇಸಿ ಕೋಡ್‌ನಲ್ಲಾದರೆ ಬಿಳಿಯೇ ಮೈನಸ್: ಕೆ ಟೈಪ್‌ಗೆ ಹಸಿರು ಪ್ಲಸ್, ಜೆ ಟೈಪ್‌ಗೆ ಕಪ್ಪು ಪ್ಲಸ್. ಮಾರುಕಟ್ಟೆಯಲ್ಲಿ ಎರಡೂ ಬಗೆಯ ಕೇಬಲ್ ಸಿಗುತ್ತವೆ, ಒಂದೇ ಪ್ಯಾನೆಲ್‌ನಲ್ಲಿ ಎರಡೂ ಇದ್ದರೂ ಆಶ್ಚರ್ಯವಿಲ್ಲ. ಬಿಳಿ ವೈರ್ ಒಂದು ಕೋಡ್‌ನಲ್ಲಿ ಪ್ಲಸ್, ಇನ್ನೊಂದರಲ್ಲಿ ಮೈನಸ್ ಆಗುವುದನ್ನು ಗಮನಿಸಿ.

ಅನುಮಾನವಿದ್ದರೆ ಅಯಸ್ಕಾಂತ ತನ್ನಿ. ಕೆ ಟೈಪ್‌ನಲ್ಲಿ ಮೈನಸ್ ವೈರ್ ಅಯಸ್ಕಾಂತಕ್ಕೆ ಹಿಡಿಯುತ್ತದೆ, ಪ್ಲಸ್ ಹಿಡಿಯುವುದಿಲ್ಲ. ಜೆ ಟೈಪ್‌ನಲ್ಲಿ ಪ್ಲಸ್ ವೈರ್ ಶುದ್ಧ ಕಬ್ಬಿಣ, ಅದು ಜೋರಾಗಿ ಹಿಡಿಯುತ್ತದೆ. ಬಣ್ಣ ಮಾಸಿ ಕಪ್ಪಾದ ಚಿಮಣಿ ಸೆನ್ಸರ್‌ಗೂ ಈ ಪರೀಕ್ಷೆ ನಡೆಯುತ್ತದೆ.

ಇನ್ನು ಕೇಬಲ್. ಥರ್ಮೋಕಪಲ್ ಹೆಡ್‌ನಿಂದ ಪ್ಯಾನೆಲ್‌ನ ಟ್ರಾನ್ಸ್‌ಮಿಟರ್‌ವರೆಗೆ ಅದೇ ಟೈಪಿನ ಕಾಂಪೆನ್ಸೇಟಿಂಗ್ ಕೇಬಲ್ ಹೋಗಬೇಕು. ಮಾಮೂಲಿ ತಾಮ್ರದ ವೈರ್ ಎಳೆದರೆ ಹೆಡ್‌ಗೂ ಪ್ಯಾನೆಲ್‌ಗೂ ಇರುವ ಬಿಸಿಯ ವ್ಯತ್ಯಾಸ ಅಷ್ಟೂ ಲೆಕ್ಕದಿಂದ ಬಿಟ್ಟುಹೋಗುತ್ತದೆ. ಹೆಡ್ 60 ಡಿಗ್ರಿ, ಪ್ಯಾನೆಲ್ 35 ಡಿಗ್ರಿ ಇದ್ದರೆ ಡಿಸ್‌ಪ್ಲೇ 25 ಡಿಗ್ರಿ ಕಡಿಮೆ ಹೇಳುತ್ತದೆ, ಆಪರೇಟರ್ ಆ 25 ಡಿಗ್ರಿಯನ್ನು ತುಂಬಲು ಇನ್ನಷ್ಟು ಉರಿ ಹಾಕುತ್ತಾನೆ. ಕಾಂಪೆನ್ಸೇಟಿಂಗ್ ಕೇಬಲನ್ನೇ ಎರಡೂ ತುದಿಯಲ್ಲಿ ತಿರುವುಮುರುವು ಮಾಡಿ ಕಟ್ಟಿದರೆ ಇನ್ನೂ ಕೆಟ್ಟದ್ದು: ತಪ್ಪು ದುಪ್ಪಟ್ಟಾಗಿ 50 ಡಿಗ್ರಿಗೆ ಹೋಗುತ್ತದೆ. ಬಿಸಿ ಮಾಡಿದಾಗ ರೀಡಿಂಗ್ ಏರುತ್ತಲೇ ಇರುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಒಂದೇ ತುದಿಯಲ್ಲಿ ತಿರುಗಿದ್ದರೆ ಬಿಸಿ ಏರಿದಂತೆ ರೀಡಿಂಗ್ ಇಳಿಯುತ್ತದೆ, ಅದು ಬೇಗ ಸಿಕ್ಕಿಬೀಳುತ್ತದೆ.

ನನ್ನನ್ನು ಕೇಳಿದರೆ, ಚಿಮಣಿಯಂಥ ಹೆಚ್ಚು ಬಿಸಿಯ ಜಾಗ ಬಿಟ್ಟು ಡ್ರೈಯರ್, ಸ್ಟೀಮ್ ಲೈನ್, ಬಿಸಿನೀರಿನ ಟ್ಯಾಂಕಿಗೆಲ್ಲ ಪಿಟಿ 100 ಸಾಕು. ಈ ಕೇಬಲ್ ತಾಪತ್ರಯವೇ ಇರುವುದಿಲ್ಲ.

ಈಗ ಮೆನು ತೆರೆಯಿರಿ

ಹಾರ್ಟ್ (ಅದೇ ಲೂಪ್ ತಂತಿಯ ಮೇಲೆ ಡಿಜಿಟಲ್ ಆಗಿ ಮಾತಾಡುವ ವ್ಯವಸ್ಥೆ) ಇರುವ ಟ್ರಾನ್ಸ್‌ಮಿಟರ್ ಆದರೆ, ಸೆಟ್ಟಿಂಗ್ ಬರೆಯುವ ಕೈ ಸಾಧನವಾದ ಕಮ್ಯುನಿಕೇಟರ್ ಮಾತಾಡಬೇಕೆಂದರೆ ಲೂಪ್‌ನಲ್ಲಿ ಕನಿಷ್ಠ 250 ಓಮ್ ಇರಬೇಕು. ನೇರ 24 ವೋಲ್ಟ್ ಸಪ್ಲೈಗೆ ಕೊಟ್ಟು "ಡಿವೈಸ್ ಸಿಗುತ್ತಿಲ್ಲ" ಎಂದು ತಲೆ ಕೆಡಿಸಿಕೊಳ್ಳುವವರು ಬಹಳ. ಸರಣಿಯಲ್ಲಿ ಒಂದು 250 ಓಮ್ ರೆಸಿಸ್ಟರ್ ಹಾಕಿ, ಅದರ ಎರಡು ತುದಿಗೆ ಕ್ಲಿಪ್ ಹಾಕಿ. ಹಾರ್ಟ್ ಇಲ್ಲದ ಅಗ್ಗದ ಮಾಡೆಲ್‌ಗಳಿಗೆ ಕಂಪನಿಯ ಯುಎಸ್‌ಬಿ ಕೇಬಲ್ ಮತ್ತು ಸಾಫ್ಟ್‌ವೇರ್ ಬೇಕು. ಇನ್ನೂ ಸರಳವಾದವುಗಳಲ್ಲಿ ಸಣ್ಣ ಡಿಪ್ ಸ್ವಿಚ್ ಇರುತ್ತವೆ. ಹೇಗಾದರೂ ಸರಿ, ಮೊದಲ ಕೆಲಸ ಒಳಗಿರುವ ಹಳೆಯ ಸೆಟ್ಟಿಂಗನ್ನು ಓದಿ ಸೇವ್ ಮಾಡುವುದು ಅಥವಾ ಫೋಟೋ ತೆಗೆಯುವುದು.

ಸೆನ್ಸರ್ ಟೈಪ್: ಪಿಟಿ 100 ಆರಿಸುವಾಗ ಒಂದಕ್ಕಿಂತ ಹೆಚ್ಚು ಪಿಟಿ 100 ಕಾಣಿಸುತ್ತವೆ. ನಮಗೆ ಬೇಕಾದ್ದು ಐಇಸಿ 60751, ಆಲ್ಫಾ (ಡಿಗ್ರಿಗೆ ರೆಸಿಸ್ಟೆನ್ಸ್ ಏರುವ ಪ್ರಮಾಣ) 0.00385. ಪಕ್ಕದಲ್ಲೇ ಇರುವ ಜೆಐಎಸ್ 0.003916 ಹಳೆಯ ಜಪಾನಿ ಕರ್ವ್. ಅದನ್ನು ಒತ್ತಿದರೆ ನೂರು ಡಿಗ್ರಿಯಲ್ಲಿ ರೀಡಿಂಗ್ ಒಂದೂವರೆ ಡಿಗ್ರಿಗಿಂತ ತುಸು ಜಾಸ್ತಿಯೇ ಕೆಳಗೆ ಬರುತ್ತದೆ.

ವೈರ್‌ಗಳ ಸಂಖ್ಯೆ: ಒಣಗಿಸುವ ಲೆಕ್ಕ ಕೆಡಿಸುವುದು ಹೆಚ್ಚಾಗಿ ಇದೇ, ಹಾಗಾಗಿ ನಿಧಾನವಾಗಿ ನೋಡೋಣ. ಡ್ರೈಯರ್‌ನಿಂದ ಪ್ಯಾನೆಲ್‌ಗೆ 30 ಮೀಟರ್ ಕೇಬಲ್, 0.5 ಚದರ ಮಿ.ಮೀ. ತಾಮ್ರ ಎಂದಿಟ್ಟುಕೊಳ್ಳಿ. ಇಂಥ ತಂತಿಗೆ ಕಿಲೋಮೀಟರಿಗೆ ಸುಮಾರು 37 ಓಮ್, ಅಂದರೆ ಹೋಗುವ ಬರುವ ಎರಡೂ ತಂತಿ ಸೇರಿ 2.2 ಓಮ್. ಡಿಗ್ರಿಗೆ 0.385 ರಂತೆ ಭಾಗಿಸಿದರೆ ಸುಮಾರು 5.7 ಡಿಗ್ರಿ. ಮೆನುವಿನಲ್ಲಿ ಎರಡು ವೈರ್ ಎಂದು ಬಿಟ್ಟರೆ ಟ್ರಾನ್ಸ್‌ಮಿಟರ್ ಈ 2.2 ಓಮನ್ನೂ ಗಾಳಿಯ ಬಿಸಿ ಎಂದೇ ಲೆಕ್ಕ ಹಾಕುತ್ತದೆ. 60 ತೋರಿಸುವಾಗ ನಿಜವಾದ ಗಾಳಿ 54. ಮೂರು ವೈರ್ ಎಂದು ಹೇಳಿದರೆ ಅದು ಮೂರನೆಯ ತಂತಿಯಿಂದ ಕೇಬಲ್‌ನ ಪಾಲನ್ನು ಅಳೆದು ಕಳೆಯುತ್ತದೆ.

ಆದರೆ ಮೂರು ವೈರಿನ ಲೆಕ್ಕ ನಿಂತಿರುವುದು ಮೂರೂ ತಂತಿ ಒಂದೇ ಸಮ ಇವೆ ಎಂಬ ನಂಬಿಕೆಯ ಮೇಲೆ. ಒಂದು ಟರ್ಮಿನಲ್ ಸಡಿಲವಾಗಿಯೋ ಕಿಲುಬು ಹಿಡಿದೋ ಅರ್ಧ ಓಮ್ ಹೆಚ್ಚಾದರೆ 1.3 ಡಿಗ್ರಿ ತಪ್ಪು. ಅದು ಯಾವ ತಂತಿ ಎಂಬುದರ ಮೇಲೆ ಹೆಚ್ಚು ತೋರಿಸಲೂಬಹುದು, ಕಡಿಮೆ ತೋರಿಸಲೂಬಹುದು. ಇಲಿ ಕಡಿದು ಮಧ್ಯದಲ್ಲಿ ತಿರುಚಿ ಟೇಪ್ ಸುತ್ತಿದ ಕೇಬಲ್‌ಗಳಲ್ಲಿ ಇದು ಮಾಮೂಲು. ಅಂಥ ಜೋಡಣೆಯನ್ನು ಕತ್ತರಿಸಿ ಹೊಸ ಕೇಬಲ್ ಎಳೆಯುವುದೇ ಸರಿ. ಕೇಬಲ್ ದೂರ ಹೋಗುವುದಾದರೆ, ನಿಖರತೆ ಬೇಕಾದರೆ, ನಾಲ್ಕು ವೈರ್ ಹಾಕಿ. ಅದರಲ್ಲಿ ತಂತಿಯ ರೆಸಿಸ್ಟೆನ್ಸ್ ಲೆಕ್ಕಕ್ಕೇ ಬರುವುದಿಲ್ಲ. ಅಥವಾ ಹೆಡ್‌ನಲ್ಲೇ ಕೂರುವ ಟ್ರಾನ್ಸ್‌ಮಿಟರ್ ಹಾಕಿ. ಬಾಯ್ಲರ್ ಮೇಲಿನ ಹೆಡ್‌ಗಳ ಬಿಸಿ ಮಾತ್ರ ನೋಡಿಕೊಳ್ಳಿ, ಸಾಮಾನ್ಯವಾಗಿ ಟ್ರಾನ್ಸ್‌ಮಿಟರ್‌ಗಳ ಮಿತಿ 85 ಡಿಗ್ರಿ. ಬೇಸಿಗೆಯ 40ರ ಬಿಸಿಲಿನಲ್ಲಿ, ಇನ್ಸುಲೇಶನ್ ಇಲ್ಲದ ಪೈಪಿನ ಮೇಲೆ, ಆ ಮಿತಿ ದೂರವೇನಿಲ್ಲ.

ಕೋಲ್ಡ್ ಜಂಕ್ಷನ್: ಅಂದರೆ ಥರ್ಮೋಕಪಲ್ ತಂತಿ ಟ್ರಾನ್ಸ್‌ಮಿಟರ್‌ಗೆ ಸೇರುವ ಟರ್ಮಿನಲ್; ಅಲ್ಲಿನ ಬಿಸಿಯನ್ನೂ ಲೆಕ್ಕಕ್ಕೆ ಸೇರಿಸಬೇಕು. ಥರ್ಮೋಕಪಲ್ ಆದರೆ ಇದನ್ನು ಇಂಟರ್ನಲ್ (ಟ್ರಾನ್ಸ್‌ಮಿಟರ್ ತಾನೇ ಅಳೆಯುವಂತೆ) ಎಂದೇ ಇಡಿ. ಫಿಕ್ಸೆಡ್ ಎಂದಿದ್ದು 25 ಡಿಗ್ರಿ ಕೂತಿದ್ದರೆ, ಏಪ್ರಿಲ್ ಮಧ್ಯಾಹ್ನ ಪ್ಯಾನೆಲ್ 45 ಡಿಗ್ರಿಗೆ ಏರಿದಾಗ ರೀಡಿಂಗ್ 20 ಡಿಗ್ರಿ ಕೆಳಗೆ ಹೋಗಿರುತ್ತದೆ, ರಾತ್ರಿ ತಾನೇ ಸರಿಯಾಗಿರುತ್ತದೆ.

ರೇಂಜ್: 4 ಮಿಲಿಆಂಪ್‌ಗೆ ಎಷ್ಟು, 20 ಮಿಲಿಆಂಪ್‌ಗೆ ಎಷ್ಟು ಎಂದು ಕೊಡುವುದು. 0 ಇಂದ 200 ಕೊಟ್ಟರೆ 100 ಡಿಗ್ರಿಗೆ 12 ಮಿಲಿಆಂಪ್. ಪಿಎಲ್‌ಸಿ (ಪ್ಲಾಂಟ್ ನಡೆಸುವ ಕಂಟ್ರೋಲ್ ಕಂಪ್ಯೂಟರ್) ಅಥವಾ ಇಂಡಿಕೇಟರ್‌ನಲ್ಲೂ ಇದೇ 0 ಇಂದ 200 ಇರಬೇಕು. ಅಲ್ಲಿ 250 ಉಳಿದಿದ್ದರೆ ಅದೇ 12 ಮಿಲಿಆಂಪ್‌ಗೆ 125 ಬರುತ್ತದೆ. ಇರಲಿ ಬಿಡು ಎಂದು ಡ್ರೈಯರ್‌ಗೆ 600 ಡಿಗ್ರಿ ರೇಂಜ್ ಕೊಡಬೇಡಿ. ಸ್ಪ್ಯಾನ್‌ನ (ರೇಂಜ್‌ನ ಪೂರ್ತಿ ಅಗಲದ) ಶೇಕಡಾ 0.25 ನಿಖರತೆಯ ಇಂಡಿಕೇಟರ್‌ಗೆ 600ರಲ್ಲಿ ಅದು ಒಂದೂವರೆ ಡಿಗ್ರಿ, 150ರಲ್ಲಿ 0.4 ಡಿಗ್ರಿ.

ಫಿಲ್ಟರ್: ಮೆನುವಿನಲ್ಲಿ 50 ಅಥವಾ 60 ಹರ್ಟ್ಸ್ ಕೇಳಿದರೆ 50. ಹೊರದೇಶದ ಮಾಡೆಲ್ 60ರಲ್ಲಿ ಬಂದಿರಬಹುದು, ರೀಡಿಂಗ್ ಸುಮ್ಮನೆ ಕುಣಿಯುತ್ತದೆ. ಡ್ಯಾಂಪಿಂಗ್ (ರೀಡಿಂಗ್‌ನ ಏರಿಳಿತವನ್ನು ನಿಧಾನಿಸುವುದು) ಎರಡು ಮೂರು ಸೆಕೆಂಡ್ ಸಾಕು. ಕುಣಿತ ನಿಲ್ಲಿಸಲು ಡ್ಯಾಂಪಿಂಗ್ ಏರಿಸುತ್ತ ಹೋಗುವುದಕ್ಕಿಂತ ಶೀಲ್ಡ್ ಎರಡೂ ತುದಿಯಲ್ಲಿ ಅರ್ಥ್ ಆಗಿದೆಯೇ ನೋಡಿ, ಒಂದೇ ಕಡೆ ಇರಬೇಕು. ಬ್ಲೋಯರ್ ಮೋಟಾರ್‌ನ ಪವರ್ ಕೇಬಲ್ ಜೊತೆ ಒಂದೇ ಟ್ರೇಯಲ್ಲಿ ಸೆನ್ಸರ್ ಕೇಬಲ್ ಹೋಗಿದ್ದರೆ ಬೇರೆ ಮಾಡಿ.

ಸೆನ್ಸರ್ ಕಡಿದರೆ ಏನಾಗಬೇಕು?

ಇದನ್ನು ಫ್ಯಾಕ್ಟರಿ ಸೆಟ್ಟಿಂಗ್‌ಗೆ ಬಿಡಬೇಡಿ, ಕೂತು ಯೋಚಿಸಿ. ಸೆನ್ಸರ್ ಓಪನ್ ಆದಾಗ ಔಟ್‌ಪುಟ್ 3.6 ಮಿಲಿಆಂಪ್‌ಗೆ ಇಳಿಯಬೇಕೋ 21ಕ್ಕಿಂತ ಮೇಲೆ ಏರಬೇಕೋ ಎಂದು ನೀವು ಹೇಳಬೇಕು. ಸ್ಟೀಮ್‌ನಿಂದ ಬಿಸಿ ಮಾಡುವ ಡ್ರೈಯರ್‌ನಲ್ಲಿ ಕೆಳಗೆ ಇಳಿಯುವಂತೆ ಇಟ್ಟರೆ, ಕಂಟ್ರೋಲರ್ "ತಣ್ಣಗಾಯಿತು" ಎಂದುಕೊಂಡು ವಾಲ್ವ್ ಪೂರ್ತಿ ತೆರೆಯುತ್ತದೆ, ಒಳಗಿನ ಭತ್ತ ಸುಡುತ್ತದೆ. ಅಲ್ಲಿ ಅಪ್‌ಸ್ಕೇಲ್ (ಮೇಲೆ ಏರುವಂತೆ) ಇರಲಿ, ವಾಲ್ವ್ ಮುಚ್ಚಿಕೊಳ್ಳುತ್ತದೆ. ಬೇರಿಂಗ್‌ಗಳಿಗೂ ಅಪ್‌ಸ್ಕೇಲ್. ಬಿಸಿ ಇಳಿದರೆ ಹಾಳಾಗುವ ಪ್ರಕ್ರಿಯೆ ಆದರೆ ಲೆಕ್ಕ ತಿರುಗುತ್ತದೆ.

ಹೇಳಿದ್ದನ್ನು ಪಿಎಲ್‌ಸಿಯೂ ಅರ್ಥ ಮಾಡಿಕೊಳ್ಳಬೇಕು. ಸಾಮಾನ್ಯ ರೂಢಿಯಲ್ಲಿ 3.8 ರಿಂದ 20.5 ಮಿಲಿಆಂಪ್‌ವರೆಗೆ ಅಳತೆ, 3.6 ಮತ್ತು ಅದಕ್ಕೂ ಕೆಳಗೆ ಅಥವಾ 21 ಮತ್ತು ಮೇಲೆ ಎಂದರೆ ಫಾಲ್ಟ್. ಪ್ರೋಗ್ರಾಮ್‌ನಲ್ಲಿ ಈ ಗಡಿಗಳಿಗೆ ಅಲಾರಂ ಇಟ್ಟಿದ್ದಾರೆಯೇ ಕೇಳಿ. ಆಮೇಲೆ ಒಂದು ಸೆನ್ಸರ್ ವೈರ್ ಬಿಚ್ಚಿ, ಅಲಾರಂ ಬಂತೇ, ಲೂಪ್ ಆಟೋದಲ್ಲಿದ್ದರೆ ವಾಲ್ವ್ ಯಾವ ಕಡೆ ಹೋಯಿತು ಎಂದು ಕಣ್ಣಾರೆ ನೋಡಿ.

ಓಪನ್ ಆದರೆ ಮಾತ್ರ ಈ ರಕ್ಷಣೆ. ಥರ್ಮೋಕಪಲ್ ಕೇಬಲ್ ನಡುವೆ ಎಲ್ಲೋ ಶಾರ್ಟ್ ಆದರೆ ಫಾಲ್ಟ್ ಬರುವುದಿಲ್ಲ. ಶಾರ್ಟ್ ಆದ ಜಾಗವೇ ಹೊಸ ಜಂಕ್ಷನ್ ಆಗಿ, ಅಲ್ಲಿನ ಬಿಸಿ ಡಿಸ್‌ಪ್ಲೇಗೆ ಬರುತ್ತದೆ.

ಎರಡು ಸೆನ್ಸರ್ ಇನ್‌ಪುಟ್ ಇರುವ ಟ್ರಾನ್ಸ್‌ಮಿಟರ್ ನಿಮ್ಮಲ್ಲಿದ್ದರೆ ಬ್ಯಾಕಪ್ ಮೋಡ್ ಉಪಯೋಗಿಸಿ: ಮೊದಲನೆಯದು ಕಡಿದರೆ ಎರಡನೆಯದಕ್ಕೆ ತಾನೇ ಹೋಗುತ್ತದೆ. ಎರಡೂ ಒಂದೇ ಜಾಗದಲ್ಲಿರಬೇಕು, ಒಂದೇ ಥರ್ಮೋವೆಲ್‌ನ (ಸೆನ್ಸರ್ ಕೂರುವ ಲೋಹದ ಕೊಳವೆಯ) ಡಬಲ್ ಎಲಿಮೆಂಟ್ ಆದರೆ ಉತ್ತಮ. ಡ್ರೈಯರ್‌ನ ಒಳಬರುವ ಮತ್ತು ಹೊರಹೋಗುವ ಗಾಳಿಯ ವ್ಯತ್ಯಾಸ ತೋರಿಸಲೂ ಇದೇ ಟ್ರಾನ್ಸ್‌ಮಿಟರ್ ಸಾಕು. ಆಗ ಮೋಡ್ ಡಿಫರೆನ್ಸ್ ಎಂದಿರಲಿ.

ಪರೀಕ್ಷೆ: ತಣ್ಣಗಿರುವಾಗ ಸರಿ ಬಂದರೆ ಮುಗಿಯಲಿಲ್ಲ

ಜೆ ಟೈಪ್ ಸೆನ್ಸರ್‌ಗೆ ಮೆನುವಿನಲ್ಲಿ ಕೆ ಎಂದು ಕೊಟ್ಟು, ಪ್ಲಾಂಟ್ ನಿಂತಿರುವಾಗ ನೋಡಿ. 30 ಡಿಗ್ರಿ ಕೋಣೆಯಲ್ಲಿ ಸರಿಯಾಗಿ 30 ತೋರಿಸುತ್ತದೆ. ಏಕೆಂದರೆ ಸೆನ್ಸರ್ ತುದಿಯೂ ಟರ್ಮಿನಲ್ಲೂ ಒಂದೇ ಬಿಸಿಯಲ್ಲಿದ್ದಾಗ ಯಾವ ಟೈಪೇ ಆಗಲಿ ಮಿಲಿವೋಲ್ಟ್ ಸೊನ್ನೆ. ಅದೇ ಸೆನ್ಸರ್ 200 ಡಿಗ್ರಿಗೆ ಹೋದಾಗ ಡಿಸ್‌ಪ್ಲೇಯಲ್ಲಿ 257 ಬರುತ್ತದೆ. ಹಾಗಾಗಿ ಬಿಸಿಯಾದ ಒಂದು ಬಿಂದುವಿನಲ್ಲಿ ಪರೀಕ್ಷೆ ಮಾಡಲೇಬೇಕು.

ಕ್ಯಾಲಿಬ್ರೇಟರ್ ಸಿಕ್ಕರೆ ಅದರಿಂದ ಪಿಟಿ 100ಕ್ಕೆ 100, 119.40, 138.51 ಓಮ್ ಕೊಟ್ಟು 0, 50, 100 ಡಿಗ್ರಿ ಬರುತ್ತದೆಯೇ, ಮಿಲಿಆಂಪ್ ಲೆಕ್ಕಕ್ಕೆ ಸರಿಯಾಗಿದೆಯೇ ನೋಡಿ. ಅಂಗಡಿಯ ಮಾಮೂಲಿ ಶೇಕಡಾ ಒಂದರ 100 ಓಮ್ ರೆಸಿಸ್ಟರ್ ಈ ಕೆಲಸಕ್ಕೆ ಬಾರದು. ಅದರ ಒಂದು ಓಮ್ ವ್ಯತ್ಯಾಸವೇ 2.6 ಡಿಗ್ರಿ.

ಸೆನ್ಸರ್ ಸಮೇತ ಪರೀಕ್ಷಿಸಲು ಮಂಜುಗಡ್ಡೆ ಉತ್ತಮ. ಥರ್ಮಾಸ್ ಫ್ಲಾಸ್ಕ್‌ನಲ್ಲಿ ಶುದ್ಧ ನೀರಿನ ಮಂಜನ್ನು ಪುಡಿ ಮಾಡಿ ತುಂಬಿ, ಸಂದುಗಳು ಮುಚ್ಚುವಷ್ಟು ಮಾತ್ರ ನೀರು ಹಾಕಿ, ಸೆನ್ಸರನ್ನು ಆಳಕ್ಕೆ ಇಳಿಸಿ ಹತ್ತು ಹದಿನೈದು ನಿಮಿಷ ಬಿಡಿ. ಸೊನ್ನೆಗೆ ಹತ್ತಿರ ನಿಲ್ಲಬೇಕು. ಬಿ ಕ್ಲಾಸ್ ಪಿಟಿ 100ಕ್ಕೆ ಸೊನ್ನೆಯಲ್ಲಿ 0.3 ಡಿಗ್ರಿ ಹೆಚ್ಚುಕಡಿಮೆ ಒಪ್ಪಬಹುದು.

ಕುದಿಯುವ ನೀರಿನಲ್ಲಿಯೂ ನೋಡಬಹುದು, ಆದರೆ 100 ಬರಲೆಂದು ಕಾಯಬೇಡಿ. ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು ಕುದಿಯುವುದು 98 ಡಿಗ್ರಿಯ ಆಸುಪಾಸಿನಲ್ಲಿ. ಇನ್ನೂ ಎತ್ತರದ ಚಿತ್ರದುರ್ಗದಲ್ಲಿ ಹತ್ತಿರಹತ್ತಿರ ಇನ್ನರ್ಧ ಡಿಗ್ರಿ ಕಡಿಮೆ. ಡಿಸ್‌ಪ್ಲೇ 98 ತೋರಿಸಿತೆಂದು, ರೀಡಿಂಗ್ ತಿದ್ದುವ ಸೆನ್ಸರ್ ಟ್ರಿಮ್ ಮೆನುವಿಗೆ ಹೋಗಿ 100 ಎಂದು ಬರೆದರೆ, ಸರಿಯಾಗಿದ್ದ ಟ್ರಾನ್ಸ್‌ಮಿಟರ್ ಅಲ್ಲಿಂದ ಮುಂದೆ ಎರಡು ಡಿಗ್ರಿ ಹೆಚ್ಚು ಹೇಳುತ್ತಲೇ ಇರುತ್ತದೆ. ನಂಬುವಂಥ ರೆಫರೆನ್ಸ್ ಥರ್ಮಾಮೀಟರ್ ಪಕ್ಕದಲ್ಲಿಲ್ಲದಿದ್ದರೆ ಟ್ರಿಮ್ ಮುಟ್ಟಬೇಡಿ.

ಸ್ಟೀಮ್ ಲೈನ್‌ನಲ್ಲಾದರೆ ಪ್ರೆಶರ್ ಗೇಜ್ ನೆರವಿಗೆ ಬರುತ್ತದೆ. ಸ್ಯಾಚುರೇಟೆಡ್ ಸ್ಟೀಮ್ ಗೇಜ್‌ನಲ್ಲಿ ಚದರ ಸೆಂ.ಮೀ.ಗೆ 7 ಕೆ.ಜಿ. ಇದ್ದಾಗ ಸುಮಾರು 170 ಡಿಗ್ರಿ ಇರಬೇಕು. 150 ತೋರಿಸುತ್ತಿದ್ದರೆ ಥರ್ಮೋವೆಲ್‌ನ ತಳಕ್ಕೆ ಸೆನ್ಸರ್ ತಾಗುತ್ತಿದೆಯೇ ನೋಡಿ. ಸ್ಪ್ರಿಂಗ್ ಮುರಿದು ಅಥವಾ ಉದ್ದ ಸಾಲದೆ ನಡುವೆ ಗಾಳಿ ಉಳಿದಿರುತ್ತದೆ. ಗೇಜ್ ಸರಿಯಿದೆಯೇ ಎಂಬುದನ್ನೂ ಮರೆಯಬೇಡಿ.

ಎಲ್ಲ ಸರಿ ಬಂದ ಮೇಲೆ ಸೆಟ್ಟಿಂಗ್ ಫೈಲ್ ಸೇವ್ ಮಾಡಿ, ರೈಟ್ ಪ್ರೊಟೆಕ್ಟ್ ಹಾಕಿ, ಲೂಪನ್ನು ಆಟೋಗೆ ಮರಳಿಸಿ, ಬೈಪಾಸ್ ತೆಗೆಸಿ. ಹೆಡ್‌ನ ಮುಚ್ಚಳದ ಒಳಬದಿಗೆ ಒಂದು ಚೀಟಿ ಅಂಟಿಸಿ: ಸೆನ್ಸರ್ ಟೈಪ್, ವೈರ್ ಎಷ್ಟು, ರೇಂಜ್, ಫಾಲ್ಟ್ ಯಾವ ಕಡೆ, ತಾರೀಖು. ಮುಂದಿನ ಸೀಸನ್‌ನಲ್ಲಿ ರಾತ್ರಿ ಪಾಳಿಯವರು ಸೆನ್ಸರ್ ಬದಲಿಸುವಾಗ ಮೊದಲು ನೋಡುವುದು ಅದನ್ನೇ. ಹೊಸ ಸೆನ್ಸರ್ ಹಾಕಿದವರು ಅದೇ ಟೈಪ್ ಹಾಕಿದ್ದರೂ ಸರಿ, ಬಿಸಿಯ ಪರೀಕ್ಷೆಯನ್ನು ಮತ್ತೆ ಮಾಡಿ, ಚೀಟಿಯ ಮೇಲೆ ಹೊಸ ತಾರೀಖು ಬರೆಯಲಿ.